ಅಗ್ಗದ ಯಂತ್ರದ ಬಾಕಿ ಕೆಲಸ

ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಗಳ ಹಿಂಭಾಗದಲ್ಲಿ ಕಿವಿಗೆ ಬೀಳುವ ಸದ್ದೊಂದಿದೆ. ಅಚ್ಚಿನ ಮರಳಿನಿಂದ ಹೊರಬಂದ ಕಬ್ಬಿಣದ ಬಿಡಿಭಾಗಗಳನ್ನು ಗ್ರೈಂಡರಿನಿಂದ ಉಜ್ಜುವ ಸದ್ದು ಅದು. ಎರಕ ಹೊಯ್ದ ವಸ್ತು ಹುಟ್ಟುವಾಗಲೇ ನುಣುಪಾಗಿರುವುದಿಲ್ಲ. ಅಂಚಿಗೆಲ್ಲ ಚೂಪಾದ ಸಿಬಿರು, ಕರಗಿದ ಲೋಹ ಹರಿದುಬಂದ ದಾರಿಯಲ್ಲಿ ಉಳಿದ ಮೊಂಡು ಬಾಲ, ಅಲ್ಲಲ್ಲಿ ಅಂಟಿಕೊಂಡ ಮರಳು. ಇದನ್ನು ಕಂಡು ಅಲ್ಲಿ ಯಾರೂ ಹಣೆ ಚಚ್ಚಿಕೊಳ್ಳುವುದಿಲ್ಲ. ಗ್ರೈಂಡರ್ ಹಿಡಿದು ಕುಳಿತ ಕೆಲಸಗಾರ ಅದನ್ನೆಲ್ಲ ತೆಗೆದು ಓರಣ ಮಾಡುತ್ತಾನೆ. ಈ ಕೆಲಸಕ್ಕೆ ಫೆಟ್ಲಿಂಗ್ ಎಂದು ಹೆಸರು. ಆದರೆ ಅದೇ ಕೆಲಸಗಾರ ಒಂದು ತುಂಡಿನಲ್ಲಿ ಸೀಳು ಕಂಡರೆ ಅದನ್ನು ಉಜ್ಜುವ ಗೋಜಿಗೇ ಹೋಗುವುದಿಲ್ಲ. ಪಕ್ಕಕ್ಕೆ ಎಸೆಯುತ್ತಾನೆ, ಅದು ಮತ್ತೆ ಕುಲುಮೆಗೆ. ಉಜ್ಜಿದರೆ ಹೋಗುವ ದೋಷ ಯಾವುದು, ಉಜ್ಜಿದರೂ ಹೋಗದ ದೋಷ ಯಾವುದು ಎಂದು ಬೇರ್ಪಡಿಸಬಲ್ಲ ಕಣ್ಣೇ ಅವನ ವಿದ್ಯೆ.

ಈಗ ಮನೆಮನೆಗೂ ಬರುತ್ತಿರುವ ಅಗ್ಗದ ಡ್ರಿಲ್ಲು, ಗ್ರೈಂಡರು, ಕೈಗರಗಸದ ಯಂತ್ರಗಳ ವಿಷಯದಲ್ಲೂ ಬೇಕಾಗಿರುವುದು ಈ ಕಣ್ಣೇ.

ಬೆಳಗಾವಿಯಿಂದ 26 ಕಿ.ಮೀ. ದೂರದ ಖಾನಾಪುರ ಕಾಡಿನ ತಾಲೂಕು. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವುದು ಇದರಲ್ಲೇ. ಮರದ ಕೆಲಸ ಇಲ್ಲಿ ಹಳೆಯ ಕಸುಬು. ಮಗ ಐ.ಟಿ.ಐ. ಮುಗಿಸುತ್ತಲೇ, ಇಲ್ಲವೆ ಮಗಳು ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟಿಗೆ ಕೈಹಾಕುತ್ತಲೇ ಪಾಲಕರು ಬೆಳಗಾವಿ ಪೇಟೆಗೆ ಬಸ್ಸು ಹತ್ತುತ್ತಾರೆ. ಹೆಸರುವಾಸಿ ಕಂಪನಿಯ ಡ್ರಿಲ್ಲಿಗೆ ಒಂದು ಬೆಲೆ, ಅದರ ಪಕ್ಕದಲ್ಲೇ ಕೂತ, ನೋಡಲು ಅಣ್ಣತಮ್ಮನಂತಿರುವ ಇನ್ನೊಂದಕ್ಕೆ ಅದರ ಅರ್ಧ, ಕೆಲವೊಮ್ಮೆ ಮೂರನೆಯ ಒಂದು ಪಾಲು. ಒಂದೂವರೆ-ಎರಡು ಸಾವಿರದ ಯಂತ್ರ ಮನೆಗೆ ಬರುತ್ತದೆ. ಕೇಂದ್ರ ಸರಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕುಂಬಾರ ಸೇರಿದಂತೆ 18 ಕಸುಬುಗಳವರಿಗೆ ಸಲಕರಣೆಗಾಗಿ 15,000 ರೂಪಾಯಿವರೆಗೆ ನೆರವಿನ ಏರ್ಪಾಡಿದೆ. ಹೀಗಾಗಿ ಇದುವರೆಗೆ ಉಳಿ, ಬಾಚಿ ಹಿಡಿದ ಮನೆಗಳಿಗೂ ಯಂತ್ರ ಕಾಲಿಡುತ್ತಿದೆ.

ಮನೆಗೆ ಬಂದ ಮೊದಲ ದಿನವೇ ಮಗನ ತಕರಾರು: “ಅಪ್ಪಾ, ಬಿಟ್ಟು ತೂಗ್ಯಾಡ್ತೈತಿ ನೋಡು.” ಅಂಗಡಿಗೆ ಫೋನು ಹೋದರೆ ಅಲ್ಲಿಂದ ಸಿದ್ಧ ಉತ್ತರ: “ಹೊಸಾ ಮಷೀನ್ ಐತ್ರಿ ಕಾಕಾ, ನಾಲ್ಕ್ ದಿನಾ ಓಡಸ್ರಿ, ತಾನ ಸರಿ ಆಗ್ತೈತಿ.”

ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅರ್ಧ ಸುಳ್ಳಿದೆ. ಅದನ್ನು ಮುಂದೆ ನೋಡೋಣ. ಮೊದಲು, ಅಗ್ಗದ ಯಂತ್ರ ಅಗ್ಗವಾಗುವುದು ಹೇಗೆ?

ತತ್ವ ಎಲ್ಲಕ್ಕೂ ಒಂದೇ. ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಕಂಪನಿ 1895ರಲ್ಲಿ ಮೊದಲ ವಿದ್ಯುತ್ ಕೈಡ್ರಿಲ್ಲನ್ನು ತಯಾರಿಸಿತು. ಪಿಸ್ತೂಲಿನಂತೆ ಹಿಡಿಕೆ, ಬೆರಳಿಗೆ ಕುದುರೆ ಇರುವ ರೂಪಕ್ಕೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ 1917ರಲ್ಲಿ ಪೇಟೆಂಟ್ ಪಡೆಯಿತು. ಇದರಲ್ಲಿ ಈಗ ಗುಟ್ಟೇನೂ ಉಳಿದಿಲ್ಲ, ಯಾರು ಬೇಕಾದರೂ ಮಾಡಬಹುದು. ತಾಮ್ರದ ಸುರುಳಿಯಲ್ಲಿ, ಬೇರಿಂಗಿನಲ್ಲಿ ಒಂದಿಷ್ಟು ಉಳಿತಾಯವಾಗುತ್ತದೆ, ನಿಜ. ಹೆಚ್ಚಿನ ಉಳಿತಾಯ ಮಾತ್ರ ಕಣ್ಣಿಗೆ ಕಾಣದ ಕಡೆ ಆಗುತ್ತದೆ: ಕೊನೆಯ ಹತ್ತು ನಿಮಿಷದ ಕೆಲಸದಲ್ಲಿ. ಸಿಬಿರು ತೆಗೆಯುವುದು, ಗ್ರೀಸನ್ನು ಅಳತೆಯಲ್ಲಿ ತುಂಬುವುದು, ತಳದ ತಗಡು ಅಲಗಿಗೆ ನೇರವಾಗಿದೆಯೇ ಎಂದು ನೋಡುವುದು, ಕೆಟ್ಟದ್ದನ್ನು ಆರಿಸಿ ಬದಿಗಿಡುವುದು. ಈ ಹತ್ತು ನಿಮಿಷವನ್ನು ತಯಾರಕ ಕೊಳ್ಳುವವನ ಲೆಕ್ಕಕ್ಕೆ ಬರೆದುಬಿಡುತ್ತಾನೆ. ಅಂದಮೇಲೆ ಅಗ್ಗದ ಯಂತ್ರ ಕೊಂಡ ಮನೆಯಲ್ಲಿ ಆ ಬಾಕಿ ಕೆಲಸವನ್ನು ಯಾರಾದರೂ ಮಾಡಲೇಬೇಕು. ಮಾಡದೆ ಹೋದರೆ ಅದರ ಬೆಲೆಯನ್ನು ಮರ ಕೊಡುತ್ತದೆ, ಇಲ್ಲವೆ ಬೆರಳು.

ಡ್ರಿಲ್ಲಿನಿಂದ ಆರಂಭಿಸಬಹುದು. ಪ್ಲಗ್ ಕಿತ್ತಿಟ್ಟು, ನೇರವಾದ 6 ಮಿ.ಮೀ. ಬಿಟ್ ಒಂದನ್ನು ಚಕ್ಕಿಗೆ ಬಿಗಿಯಬೇಕು. ಬಿಟ್ ನೇರವಿದೆಯೇ ಎಂಬುದನ್ನು ಮೊದಲೇ ಗಾಜಿನ ಮೇಲೆ ಉರುಳಿಸಿ ನೋಡಿಕೊಳ್ಳಬೇಕು. ಎಷ್ಟೋ ಸಲ ತಪ್ಪು ಬಿಟ್ಟಿನದು, ಬೈಗುಳ ಯಂತ್ರಕ್ಕೆ! ಯಂತ್ರವನ್ನು ಮೇಜಿನ ಮೇಲೆ ಅಲುಗದಂತೆ ಮಲಗಿಸಿ, ಬಿಟ್ಟಿನ ತುದಿಗೆ ತಾಗಿಯೂ ತಾಗದಂತೆ ಒಂದು ಮೊಳೆಯನ್ನು ನಿಲ್ಲಿಸಿ, ಚಕ್ಕನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಮೊಳೆಗೂ ಬಿಟ್ಟಿಗೂ ನಡುವಿನ ಸಂದು ಹಿಗ್ಗಿ ಕುಗ್ಗಿದರೆ ಬಿಟ್ ಅಡ್ಡಾಡುತ್ತಿದೆ ಎಂದೇ ಅರ್ಥ. ಅರ್ಧ ಮಿಲಿಮೀಟರು ಅಡ್ಡಾಡಿದರೂ ಗೋಡೆಯಲ್ಲಿ ಕೊರೆದ ತೂತು ದೊಡ್ಡದಾಗಿ, ಅದರಲ್ಲಿ ಕೂರಿಸಿದ ಪ್ಲಗ್ಗು ಸಡಿಲಾಗಿ, ಪುಸ್ತಕದ ಹಲಗೆ ಒಂದು ರಾತ್ರಿ ಕೆಳಗಿಳಿಯುತ್ತದೆ. ಬೆಳಗಾವಿಯ ಹುಡುಗರಿಗೆ ಇದು ಇನ್ನಷ್ಟು ಚೆನ್ನಾಗಿ ತಿಳಿಯಬೇಕು. ಮಚ್ಛೆಯ ಪಾಲಿಹೈಡ್ರಾನ್‌ನಂಥ ಕಂಪನಿಗಳು ಹೈಡ್ರಾಲಿಕ್ ಪಂಪು, ವಾಲ್ವುಗಳನ್ನು ತಯಾರಿಸುವ ಊರಿದು. ಅಂಥ ವಾಲ್ವಿನೊಳಗೆ ಸರಿದಾಡುವ ಉಕ್ಕಿನ ದಂಡಕ್ಕೂ ಅದರ ತೂತಿಗೂ ನಡುವಿನ ಜಾಗವನ್ನು ಮೈಕ್ರಾನಿನಲ್ಲಿ, ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನಲ್ಲಿ ಅಳೆಯುತ್ತಾರೆ. ಅವರೆದುರು ಅರ್ಧ ಮಿಲಿಮೀಟರು ಎಂಬುದು ಬಾಗಿಲು ತೆರೆದಿಟ್ಟಂತೆ.

ಅಡ್ಡಾಟಕ್ಕೆ ಕಾರಣ ಹಲವೊಮ್ಮೆ ಬಲು ಸಣ್ಣದು. ಚಕ್ಕಿನ ದವಡೆಗಳಲ್ಲಿ ಸಿಕ್ಕಿಕೊಂಡ ಲೋಹದ ಪುಡಿ, ಇಲ್ಲವೆ ಚಕ್ಕು ಕೂರುವ ಮರೆಯಲ್ಲಿನ ಸಿಬಿರು. ಚಕ್ಕನ್ನು ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಮತ್ತೆ ಕೂರಿಸಿದರೆ ಸರಿಹೋಗುವುದುಂಟು. ಹಿಂದೆ-ಮುಂದೆ ಎರಡೂ ಕಡೆ ತಿರುಗುವ ಡ್ರಿಲ್ಲಿನಲ್ಲಿ ದವಡೆಗಳನ್ನು ಪೂರ್ತಿ ತೆರೆದರೆ ಒಳಗೊಂದು ಸ್ಕ್ರೂ ಕಾಣುತ್ತದೆ. ಅದು ಸಾಮಾನ್ಯವಾಗಿ ಎಡಮರೆಯದು, ಎಲ್ಲ ಸ್ಕ್ರೂಗಳಿಗೆ ವಿರುದ್ಧವಾಗಿ ಬಿಚ್ಚಿಕೊಳ್ಳುತ್ತದೆ. ಇದು ತಿಳಿಯದೆ ಬಲ ಹಾಕಿ ಅದರ ತಲೆ ಕೆಡಿಸಿದವರಿಗೆ ಲೆಕ್ಕವಿಲ್ಲ. ತೊಳೆದರೂ ಅಡ್ಡಾಟ ಹೋಗದಿದ್ದರೆ ಬೇರೊಂದು ಚಕ್ಕು ಹಾಕಿ ನೋಡಬೇಕು. ಆಗಲೂ ಹೋಗದಿದ್ದರೆ ಒಳಗಿನ ದಂಡವೇ ಬಾಗಿದೆ. ಅದು ಸೀಳು ಬಿಟ್ಟ ಎರಕದಂತೆ, ಮನೆಯಲ್ಲಿ ಮದ್ದಿಲ್ಲ. ಅಂಗಡಿಗೇ ಹಿಂತಿರುಗಬೇಕು. “ಓಡಿಸಿದರೆ ಸರಿಯಾಗುತ್ತದೆ” ಎಂಬ ಮಾತಿನ ಸುಳ್ಳು ಅರ್ಧ ಇದು: ಬಾಗಿದ ದಂಡ ನಾಲ್ಕು ದಿನವಲ್ಲ, ನಾಲ್ಕು ವರ್ಷ ಓಡಿದರೂ ನೆಟ್ಟಗಾಗದು. ಬದಲಿಗೆ ಬೇರಿಂಗನ್ನೂ ತಿಂದುಹಾಕುತ್ತದೆ.

ಸತ್ಯದ ಅರ್ಧ ಇರುವುದು ಮೋಟಾರಿನೊಳಗೆ. ತಿರುಗುವ ಆರ್ಮೇಚರಿನ ಒಂದು ತುದಿಗೆ ತಾಮ್ರದ ಪಟ್ಟಿಗಳ ಉರುಳೆಯಿದೆ. ಎರಡು ಕಾರ್ಬನ್ ತುಂಡುಗಳು ಅದಕ್ಕೆ ಒತ್ತಿಕೊಂಡು ಕರೆಂಟು ದಾಟಿಸುತ್ತವೆ. ಉರುಳೆ ದುಂಡು, ಹೊಸ ಕಾರ್ಬನ್ನಿನ ಮುಖ ಅದಕ್ಕೆ ಪೂರ್ತಿ ಹೊಂದಿರುವುದಿಲ್ಲ. ಕೆಲಸಕ್ಕೆ ಹಚ್ಚದೆ ಹತ್ತು ಹದಿನೈದು ನಿಮಿಷ ಖಾಲಿ ಓಡಿಸಿದರೆ ಅದು ಸವೆದು ಹೊಂದಿಕೊಳ್ಳುತ್ತದೆ, ಕಿಡಿ ಕಡಿಮೆಯಾಗುತ್ತದೆ. ಗಾಳಿಯಾಡುವ ಕಿಂಡಿಯಲ್ಲಿ ಕಾಣುವ ಸಣ್ಣ ನೀಲಿ ಕಿಡಿಗಳಿಗೆ ಹೆದರಬೇಕಿಲ್ಲ. ಆದರೆ ಉರುಳೆಯ ಸುತ್ತ ಬಳೆಯಂತೆ ಬೆಂಕಿ ಸುತ್ತುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಆರ್ಮೇಚರು ಕೆಟ್ಟಿದೆ. ಆ ಕ್ಷಣವೇ ಪ್ಲಗ್ ಕೀಳಬೇಕು. ಸವೆದ ಕಾರ್ಬನ್ ಬದಲಿಸುವುದಕ್ಕೆ ನೂರು ರೂಪಾಯಿಯೂ ಹಿಡಿಯದು. ಬದಲಿಸುವಾಗ ಎರಡನ್ನೂ ಒಟ್ಟಿಗೇ ಬದಲಿಸಬೇಕು, ಒಂದನ್ನಲ್ಲ. ಗ್ರೀಸಿನ ವಿಷಯ ಮಾತ್ರ ಬೇರೆ. ಗೇರಿನ ಡಬ್ಬಿ ಬಿಚ್ಚಿದರೆ ವಾರಂಟಿ ಹೋಗುವ ಸಂಭವವಿರುವುದರಿಂದ ಅವಧಿ ಮುಗಿಯುವವರೆಗೆ ಕೈ ಕಟ್ಟಿಕೊಂಡಿರುವುದು ಜಾಣತನ.

ಗರಗಸದ ಯಂತ್ರದ ದೋಷ ಇನ್ನೊಂದು ಬಗೆಯದು, ವಿದ್ಯಾರ್ಥಿಗಳಿಗೆ ಹೆಚ್ಚು ರುಚಿಸುವಂಥದು. ಇದರ ತಳ ತೆಳು ತಗಡಿನದು. ಅಲಗು ತಳಕ್ಕೆ 90 ಡಿಗ್ರಿಯಲ್ಲಿದೆ ಎಂದು ಪಕ್ಕದ ಅಂಕೆಪಟ್ಟಿ ಹೇಳುತ್ತದೆ. ಅಗ್ಗದ ಯಂತ್ರದ ಅಂಕೆಪಟ್ಟಿಯನ್ನು ಚುನಾವಣೆಯ ಭರವಸೆಯಂತೆ ಓದಿ ಬಿಡಬೇಕು, ಅಷ್ಟೆ. ಬಡಿಗರು ಗುನ್ಯಾ ಎನ್ನುವ ಮೂಲೆಮಟ್ಟ ಹಿಡಿದು ನೋಡಬಹುದು. ಆದರೆ ಒಂದು ಡಿಗ್ರಿಯ ತಪ್ಪು ಮೂಲೆಮಟ್ಟದಲ್ಲಿ ಅನುಮಾನವಾಗಿಯೇ ಉಳಿಯುತ್ತದೆ. ಅದನ್ನು ಹೊರಗೆಳೆಯುವ ಹಳೆಯ ಉಪಾಯವೊಂದಿದೆ. 50 ಮಿ.ಮೀ. ದಪ್ಪದ, ಎರಡೂ ಮೈ ಚಪ್ಪಟೆಯಾಗಿರುವ ಮರದ ತುಂಡನ್ನು ಅಡ್ಡಕ್ಕೆ ಕೊಯ್ಯಬೇಕು. ಎರಡು ಹೋಳುಗಳನ್ನೂ ಸಮನಾದ ಮೇಜಿನ ಮೇಲಿಟ್ಟು, ಒಂದು ಹೋಳನ್ನು ಮಾತ್ರ ಬೋರಲು ಮಾಡಿ, ಕೊಯ್ದ ಮುಖಗಳನ್ನು ಎದುರುಬದುರು ತಾಗಿಸಿ ಪಕ್ಕದಿಂದ ನೋಡಬೇಕು. ಅಲಗು ನೆಟ್ಟಗಿದ್ದರೆ ಬೆಳಕು ತೂರದು. ಓರೆಯಿದ್ದರೆ ನಡುವೆ ಬೆಣೆಯಾಕಾರದ ಸಂದು ತೆರೆದುಕೊಳ್ಳುತ್ತದೆ. ಒಂದು ಹೋಳಿನ ತಪ್ಪು ಒಂದು ಕಡೆಗೆ, ಇನ್ನೊಂದರದು ಇನ್ನೊಂದು ಕಡೆಗೆ ತಿರುಗುವುದರಿಂದ ತಪ್ಪು ಎರಡು ಪಟ್ಟಾಗಿ ಕಾಣುತ್ತದೆ. ಒಂದೇ ಡಿಗ್ರಿ ಓರೆಯಿದ್ದರೂ 50 ಮಿ.ಮೀ. ದಪ್ಪದಲ್ಲಿ ಸಂದಿನ ಬಾಯಿ ಸುಮಾರು ಒಂದೂಮುಕ್ಕಾಲು ಮಿಲಿಮೀಟರು! ಹತ್ತನೆಯ ತರಗತಿಯ ತ್ರಿಕೋನಮಿತಿ ಬಲ್ಲವರು ಲೆಕ್ಕ ಹಾಕಿ ನೋಡಲಿ. ತ್ರಿಕೋನಮಿತಿ ಯಾವ ಉಪಯೋಗಕ್ಕೆ ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುವುದು ಕಷ್ಟ.

ಇದು ಉಜ್ಜಿದರೆ ಹೋಗುವ ದೋಷ. ತಳದ ತಿರುಪನ್ನು ಸಡಿಲಿಸಿ, ಸಂದು ಮುಚ್ಚುವವರೆಗೆ ಓರೆ ತಿದ್ದಿ, ಬಿಗಿದು, ಅಂಕೆಪಟ್ಟಿಯ ಮೇಲೆ ಮೊಳೆಯಿಂದ ಹೊಸ ಗೆರೆ ಗೀರಬೇಕು. ಇನ್ನು ಮುಂದೆ ಸೊನ್ನೆ ಎಂದರೆ ಆ ಗೆರೆ. ತಿರುಪಿನ ತೂತು ಸಾಲದೆ ಬಂದರೆ ಸಣ್ಣ ದುಂಡು ಅರದಿಂದ ಒಂದೆಳೆ ಹಿಗ್ಗಿಸಬಹುದು. ತಗಡು ಒತ್ತಿದರೆ ಬಳುಕುತ್ತದೆ ಎನ್ನುವವರು 6 ಮಿ.ಮೀ. ಪ್ಲೈವುಡ್ಡಿನ ತುಂಡೊಂದನ್ನು ಅಡಿಗೆ ಸ್ಕ್ರೂ ಹಾಕಿ ಜೋಡಿಸಿದರೆ ಬಳುಕು ನಿಲ್ಲುತ್ತದೆ, ಲ್ಯಾಮಿನೇಟ್ ಹಾಳೆಯ ಮೇಲೆ ಗೀರು ಬೀಳುವುದೂ ತಪ್ಪುತ್ತದೆ. ಸ್ಕ್ರೂವಿನ ತಲೆ ಪ್ಲೈವುಡ್ಡಿನೊಳಕ್ಕೆ ಮುಳುಗಿರಬೇಕು ಎಂಬುದಷ್ಟೇ ಷರತ್ತು. ಅರ್ಧ ದಿನದ ಕೆಲಸ. ಇದಾದ ಮೇಲೆ ಅಗ್ಗದ ಗರಗಸವೂ ನೇರವಾಗಿಯೇ ಕೊಯ್ಯುತ್ತದೆ.

ಸಾಣೆಚಕ್ರದ ವಿಷಯಕ್ಕೆ ಬಂದರೆ ಖಾನಾಪುರದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವ ಊರದು. ಸಂತೆಯಲ್ಲಿ ಗಡಿಗೆ ಕೊಳ್ಳುವ ಅಜ್ಜಿ ಅದನ್ನು ಎತ್ತಿ ಹಿಡಿದು ಬೆರಳ ಗಿಣ್ಣಿನಿಂದ ಬಡಿದು ನೋಡುತ್ತಾಳೆ. ಠಣ್ ಎಂದರೆ ಕೊಳ್ಳುತ್ತಾಳೆ, ದೊಬ್ ಎಂದರೆ ಕೆಳಗಿಡುತ್ತಾಳೆ. ಮೇಜಿಗೆ ಬಿಗಿಯುವ ಗ್ರೈಂಡರಿನ ದಪ್ಪ ಚಕ್ರಕ್ಕೂ ಪ್ರಪಂಚದ ಎಲ್ಲ ಕಾರ್ಖಾನೆಗಳಲ್ಲಿ ಇದೇ ಪರೀಕ್ಷೆ. ಕಾರಣವೂ ಒಂದೇ: ಆ ಚಕ್ರವೂ ಒಂದರ್ಥದಲ್ಲಿ ಗಡಿಗೆಯೇ. ಸವೆಸುವ ಹರಳುಗಳನ್ನು ಜೇಡಿಮಣ್ಣು, ಫೆಲ್ಡ್‌ಸ್ಪಾರ್‌ಗಳ ಜೊತೆ ಕಲಸಿ, ಒತ್ತಿ, ಆವಿಗೆಯಲ್ಲಿ ಸುಟ್ಟು ಮಾಡಿದ್ದು. ಒಳಗೆ ಕೂದಲಿನಷ್ಟು ಬಿರುಕಿದ್ದರೂ ಧ್ವನಿ ಒಡೆಯುತ್ತದೆ. ಚಕ್ರವನ್ನು ಬಿಚ್ಚಿ, ಒಣಗಿದ್ದಾಗ, ನಡುವಿನ ತೂತಿನಲ್ಲಿ ಬೆರಳು ತೂರಿಸಿ ನೇತುಹಾಕಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಅಂಚಿಗೆ ಹತ್ತಿರ ಎಡಕ್ಕೂ ಬಲಕ್ಕೂ ಮೆಲ್ಲಗೆ ತಟ್ಟಬೇಕು. ಧ್ವನಿ ಬೊದ್ದಾಗಿದ್ದರೆ ಆ ಚಕ್ರವನ್ನು ಅಲ್ಲಿಯೇ ಒಡೆದುಹಾಕುವುದು ಒಳ್ಳೆಯದು. ಬೇರೆಯವರ ಕೈಗೆ ಅದು ಹೋಗಬಾರದು. 6 ಇಂಚಿನ ಚಕ್ರ ನಿಮಿಷಕ್ಕೆ 2,900 ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ 80 ಕಿ.ಮೀ. ವೇಗದಲ್ಲಿರುತ್ತದೆ. ಒಡೆದರೆ ಚೂರು ಹೋಗುವುದೂ ಅದೇ ವೇಗದಲ್ಲಿ. ಕೆಲಸದ ತುಂಡನ್ನು ಊರುವ ಆನಿಕೆಗೂ ಚಕ್ರಕ್ಕೂ ನಡುವಿನ ಸಂದು 3 ಮಿ.ಮೀ. ಮೀರಬಾರದು. ಮೀರಿದರೆ ಚಕ್ರ ತುಂಡನ್ನೂ ಬೆರಳನ್ನೂ ಒಟ್ಟಿಗೆ ಒಳಗೆಳೆಯುತ್ತದೆ. ಚಕ್ರ ಸವೆದಂತೆಲ್ಲ ಆನಿಕೆಯನ್ನು ಮುಂದೆ ಸರಿಸುತ್ತಿರಬೇಕು.

ಕೈಗ್ರೈಂಡರಿನ ತೆಳು ಡಿಸ್ಕು ರಾಳದಿಂದ ಕಟ್ಟಿದ್ದು, ಅದು ಹೀಗೆ ಠಣ್ ಎನ್ನುವುದಿಲ್ಲ. ಅದನ್ನು ಕಣ್ಣಿನಿಂದಲೇ ನೋಡಬೇಕು. ಒಳ್ಳೆಯ ಡಿಸ್ಕುಗಳ ನಡುವಿನ ಲೋಹದ ಬಳೆಯ ಮೇಲೆ ಬಳಕೆಯ ಅವಧಿ ಅಚ್ಚಾಗಿರುತ್ತದೆ. ಜಾಂಬೋಟಿ, ಕಣಕುಂಬಿ ಕಡೆಯ ಮಳೆಗಾಲದ ತೇವದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಡಿಸ್ಕಿಗೆ ಆ ಅವಧಿಯ ಭರವಸೆಯೂ ಸಲ್ಲದು.

ಅರ ಹಿಡಿದು ತಿದ್ದಬಾರದ ದೋಷಗಳೂ ಇವೆ. ಇಲ್ಲಿ ಪಾಲಕರು ಒಂದಿಷ್ಟು ಕಠಿಣವಾಗಿಯೇ ಇರಬೇಕು. ಕೈಗ್ರೈಂಡರಿನ ಜಾರುವ ಸ್ವಿಚ್ಚು ‘ಆನ್’ನಲ್ಲೇ ಸಿಕ್ಕಿಕೊಳ್ಳುವುದು ಅಗ್ಗದ ಯಂತ್ರದ ಕೆಟ್ಟ ಚಾಳಿ. ಕೆಲಸದ ನಡುವೆ ಕರೆಂಟು ಹೋಗುತ್ತದೆ, ಹುಡುಗ ಯಂತ್ರವನ್ನು ಕೆಳಗಿಟ್ಟು ಚಹಾಕ್ಕೆ ಏಳುತ್ತಾನೆ. ಕರೆಂಟು ಬರುತ್ತಲೇ ನಿಮಿಷಕ್ಕೆ 11,000 ಸುತ್ತಿನ ಡಿಸ್ಕು ನೆಲದ ಮೇಲೆ ಓಡತೊಡಗುತ್ತದೆ. ಕರೆಂಟು ಹೋದಾಗಲೆಲ್ಲ ಪ್ಲಗ್ ಕೀಳುವುದು ನಮ್ಮ ಊರುಗಳಲ್ಲಿ ಕೈಗೆ ಅಭ್ಯಾಸವಾಗಿಬಿಡಬೇಕು. ಸಿಕ್ಕಿಕೊಳ್ಳುವ ಸ್ವಿಚ್ಚನ್ನು ಎಣ್ಣೆ ಬಿಟ್ಟು ಸಂತೈಸುವುದಲ್ಲ, ಬದಲಿಸಬೇಕು. ಡಿಸ್ಕಿನ ಗಾರ್ಡು ಸರಿಯಾಗಿ ಕೂರದ ಯಂತ್ರವನ್ನು ಕೊಳ್ಳಲೇಬಾರದು. ಗಾರ್ಡು ಕಿತ್ತು ದೊಡ್ಡ ಡಿಸ್ಕು ಹಾಕುವವರ ಲೆಕ್ಕ ಹೀಗಿದೆ: 7 ಇಂಚಿನ ಡಿಸ್ಕಿಗೆ ಅದರ ಮೇಲೆಯೇ ಅಚ್ಚಾದ ಮಿತಿ ಸಾಮಾನ್ಯವಾಗಿ ನಿಮಿಷಕ್ಕೆ 8,500 ಸುತ್ತು. ಅದನ್ನು 11,000 ಸುತ್ತಿನ ಸಣ್ಣ ಯಂತ್ರಕ್ಕೆ ಹಾಕಿದರೆ ಅಂಚಿನ ವೇಗ ಗಂಟೆಗೆ 370 ಕಿ.ಮೀ. ದಾಟುತ್ತದೆ. ಇನ್ನು ಕೈಗ್ರೈಂಡರಿಗೆ ಮರದ ಹಲ್ಲಿನ ಬ್ಲೇಡು ಹಾಕುವುದು, ಕಲ್ಲು ಕೊಯ್ಯುವ ಮಾರ್ಬಲ್ ಕಟರಿನಲ್ಲಿ ಗಾರ್ಡು ಬಿಚ್ಚಿ ಪ್ಲೈವುಡ್ ಸೀಳುವುದು, ಇವೆರಡನ್ನೂ ಸೈಟಿನಲ್ಲಿ ದೊಡ್ಡವರು ಮಾಡುತ್ತಾರೆ, ಕಿರಿಯರು ನೋಡಿ ಕಲಿಯುತ್ತಾರೆ. ಹಲ್ಲು ಮರದಲ್ಲಿ ಕಚ್ಚಿಕೊಂಡರೆ ಯಂತ್ರ ಹಿಡಿದವನ ಕಡೆಗೇ ಹಾರುತ್ತದೆ. ಇದು ಯಂತ್ರದ ದೋಷವೇ ಅಲ್ಲ.

ಪ್ಲಗ್ಗಿನ ಬಗೆಗೂ ಒಂದು ಮಾತು. ಹೆಸರಿನ ಪಟ್ಟಿಯ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಯಂತ್ರಕ್ಕೆ ಇಮ್ಮಡಿ ವಿದ್ಯುತ್ ನಿರೋಧ ಇದೆ ಎಂದರ್ಥ, ಅದಕ್ಕೆ ಎರಡು ಪಿನ್ ಸಾಕು. ಆ ಗುರುತಿಲ್ಲ, ಮೈ ಲೋಹದ್ದು, ಪಿನ್ ಮಾತ್ರ ಎರಡೇ ಎಂದಾದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು.

ಯಂತ್ರದ ತಲೆಗೆ ಕಟ್ಟುವ ಅಪವಾದಗಳಲ್ಲಿ ಕೆಲವು ವಯರಿನವು. ಅಂಗಳದ ಕೆಲಸಕ್ಕೆ 30 ಮೀಟರ್ ಎಕ್ಸ್‌ಟೆನ್ಷನ್ ಎಳೆಯುತ್ತಾರೆ, ಅದೂ ದೀಪಕ್ಕೆ ಬಳಸುವ 0.5 ಚದರ ಮಿ.ಮೀ.ನ ತೆಳು ವಯರು. 1,000 ವಾಟಿನ ಯಂತ್ರ 4 ಆಂಪಿಯರಿಗೂ ಮಿಕ್ಕಿ ಎಳೆಯುವಾಗ, ಹೋಗುವ-ಬರುವ ಎರಡೂ ತಂತಿ ಸೇರಿ ಸುಮಾರು 9 ವೋಲ್ಟನ್ನು ದಾರಿಯಲ್ಲೇ ನುಂಗುತ್ತವೆ. ಯಂತ್ರ ತಿಣುಕಿದಾಗ ಇನ್ನೂ ಹೆಚ್ಚು. ಹಳ್ಳಿಯ ಲೈನಿನಲ್ಲಿ ಮೊದಲೇ ವೋಲ್ಟೇಜು ಇಳಿದಿದ್ದರೆ ಮುಗಿಯಿತು. ಮೋಟಾರು ನಿಧಾನವಾಗುತ್ತದೆ, ಅದೇ ದಂಡಕ್ಕೆ ಕೂತ ಫ್ಯಾನೂ ನಿಧಾನವಾಗುತ್ತದೆ, ಶಾಖ ಏರುತ್ತದೆ. ಶಕ್ತಿ ಸಾಲದೆಂದು ಹುಡುಗ ಇನ್ನಷ್ಟು ಒತ್ತುತ್ತಾನೆ, ಆರ್ಮೇಚರು ಸುಡುತ್ತದೆ. 1.5 ಚದರ ಮಿ.ಮೀ.ನ ವಯರು ಕೊಂಡರೆ ನಷ್ಟ ಮೂರನೆಯ ಒಂದಕ್ಕೆ ಇಳಿಯುತ್ತದೆ.

ಹಿಂದಿರುಗಿಸಬೇಕಾದ ದೋಷ ಕಂಡಾಗ ಕೈಯಲ್ಲಿರಬೇಕಾದದ್ದು ಬಿಲ್ಲು. ಬಿಳಿ ಚೀಟಿಯಲ್ಲಿ ಬರೆದುಕೊಟ್ಟರೆ ನೂರಿನ್ನೂರು ಉಳಿಯುತ್ತದೆ ಎಂಬ ಆಸೆಗೆ ಬಿದ್ದವರಿಗೆ ದಾರಿಯಿಲ್ಲ. ಬಿಲ್ಲಿನಲ್ಲಿ ಯಂತ್ರದ ಮಾದರಿ, ಕ್ರಮಸಂಖ್ಯೆ ಬರೆಸಿಕೊಳ್ಳಬೇಕು. ದುಡಿಮೆಗೆಂದು ಕೊಂಡ ಯಂತ್ರಕ್ಕೆ ಗ್ರಾಹಕರ ಕಾಯ್ದೆ ಅನ್ವಯಿಸದು ಎಂದು ಕೆಲವರು ಹೆದರಿಸುತ್ತಾರೆ. ಅದು ನಿಜವಲ್ಲ. ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯಲು ಕೊಂಡವನೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕನೇ. 2020ರ ಜುಲೈಯಲ್ಲಿ ಜಾರಿಗೆ ಬಂದ ಈ ಕಾಯ್ದೆಯ ಪ್ರಕಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮುಂಬಯಿಯ ಅಂಗಡಿಯಿಂದ ಅಂಚೆಯಲ್ಲಿ ತರಿಸಿದ್ದರೂ ಖಾನಾಪುರದವರು ಬೆಳಗಾವಿಯ ಜಿಲ್ಲಾ ಆಯೋಗಕ್ಕೇ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಫೋನು ಮಾಡಿದರೆ ಎಷ್ಟೋ ತಕರಾರುಗಳು ಅಲ್ಲೇ ಇತ್ಯರ್ಥವಾಗುವುದುಂಟು.

ಇದೆಲ್ಲಕ್ಕೂ ಕಾಲದ ಮಿತಿಯೊಂದಿದೆ. ಬದಲಿಸಿಕೊಡುವ ಅವಧಿ ಬಹಳಷ್ಟು ಅಂಗಡಿಗಳಲ್ಲಿ ಕೆಲವೇ ದಿನ. ದಸರೆಗೆ ಕೊಂಡು, ಪೂಜೆ ಮಾಡಿ, ಕುಂಕುಮ ಹಚ್ಚಿ, ಪೆಟ್ಟಿಗೆಯಲ್ಲೇ ಇಟ್ಟು, ಸಂಕ್ರಾಂತಿಗೆ ಹೊರತೆಗೆದವರ ಮಾತನ್ನು ಅಂಗಡಿಯವರು ಕೇಳಲಾರರು. ಮೊಳೆ ನಿಲ್ಲಿಸಿ ಚಕ್ಕು ತಿರುಗಿಸುವುದು, ಹೋಳು ಬೋರಲು ಹಾಕುವುದು, ಚಕ್ರ ತಟ್ಟುವುದು, ಹತ್ತು ನಿಮಿಷ ಖಾಲಿ ಓಡಿಸುವುದು, ಎಲ್ಲ ಸೇರಿ ಒಂದು ಭಾನುವಾರದ ಕೆಲಸ. ಕೊಂಡ ವಾರದ ಭಾನುವಾರವೇ ಅದು ಮುಗಿಯಲಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಮನೆಯ ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತಿರುವಾಗ.